ಬಲಗಾಲು ಮೊದಲು

ಆದೋನಿಯಲ್ಲಿ ಹತ್ತಿ ಅಂಡಿಗೆ ಹೊರುವವರ ಬೀದಿಗೆ ಹೆಸರಿಲ್ಲ.
ಅಂಚೆಯವನು 'ಜಿನ್ನಿನ ಹಿಂದೆ' ಎಂದಷ್ಟೇ ಓದಿ
ಕಾಗದ ಎಸೆಯುತ್ತಿದ್ದ.
ಅಲ್ಲಿಂದ ಹೋದವನು ಗೂಳ್ಯದ ಪಂಪಣ್ಣ,
ಹದಿನೇಳು ವರ್ಷ, ಒಂದು ಟ್ರಂಕು, ಒಳಗೆ ಬರೀ ಕನ್ನಡಿ.
ಮದರಾಸು ಮೇಲು ನಮ್ಮೂರಲ್ಲಿ ನಿಲ್ಲುವುದು ಮೂರು ನಿಮಿಷ;
ಅಷ್ಟರಲ್ಲೇ ಟಿಕೆಟ್ ಕಲೆಕ್ಟರನ್ನು ಎರಡು ಸಲ ನಗಿಸಿ
ಹತ್ತಿಬಿಟ್ಟ.

ನಾನು ಆಗ ಮಾರ್ತಾಂಡ ಟಾಕೀಸಿನಲ್ಲಿ
ಕಾರ್ಬನ್ ಕಡ್ಡಿ ಕಾಯುವ ಹುಡುಗ.
ಎರಡು ಕಡ್ಡಿಗಳ ನಡುವೆ ಜೋಳದ ಕಾಳಿನಷ್ಟು ಸಂದು,
ಆ ಸಂದಿನಲ್ಲಿ ಬೆಂಕಿ;
ಹೆಚ್ಚಾದರೆ ರೀಲು ಸುಡುತ್ತದೆ, ಕಮ್ಮಿಯಾದರೆ ಜನ ಬೈಯುತ್ತಾರೆ.

ಆರು ವರ್ಷ ಸುದ್ದಿಯಿಲ್ಲ. ಆಮೇಲೆ ಒಂದು ರಾತ್ರಿ
ನನ್ನ ಕಿಂಡಿಯಿಂದ ಹೊರಟ ಬೆಳಕಿನ ತುದಿಯಲ್ಲಿ
ಪಂಪಣ್ಣ ನಿಂತಿದ್ದ.
ಸಾಹುಕಾರನ ಮನೆಯ ಆಳು, ಎಡಹೆಗಲ ಮೇಲೆ ಹಾಸಿಗೆ ಸುರುಳಿ,
ಸೊಂಟ ಒಂದು ಕಡೆ, ಮೊಣಕಾಲು ಇನ್ನೊಂದು ಕಡೆ,
ಬಿದ್ದನೆಂದರೆ ಬೀಳ, ನಿಂತನೆಂದರೆ ನಿಲ್ಲ.
ನೆಲದ ಕ್ಲಾಸಿನವರು ಬಾಯಿಗಿಟ್ಟ ಉಗ್ಗಾಣಿ ನುಂಗಲಾರದೆ ನಕ್ಕರು.
ಪಟ್ಟಿಯಲ್ಲಿ ಹೆಸರು 'ಜೋಲಿ ಪಂಪು' ಎಂದಿತ್ತು.

ಆ ನಡಿಗೆ ಯಾರದೆಂದು ಬೀದಿಗೆಲ್ಲ ಗೊತ್ತು.
ಪ್ಲೇಗಿನ ಮಾರನೆ ವರ್ಷ
ಅವರಪ್ಪ ಗಾದಿಲಿಂಗಪ್ಪನ ಸೊಂಟದ ಮೇಲೆ ಅಂಡಿಗೆ ಉರುಳಿತ್ತು.
ಮೂರು ದಿನ ಯಾರೂ ಅವನಿಗೆ ಹೇಳಲಿಲ್ಲ.
ನಾಲ್ಕನೆಯ ದಿನ ಎರಡನೇ ಆಟಕ್ಕೆ ತಾನೇ ಬಂದ,
ಕಂಬಕ್ಕೆ ಒರಗಿ, ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟು ಕೂತ.
ಅವನನ್ನೇ ನೋಡುತ್ತ ನಾನು ಕಡ್ಡಿ ಮರೆತೆ;
ಪರದೆ ಕೆಂಪಾಯಿತು, ಸೀಟಿ, ಬೈಗುಳ.
ಅವನು ನಗಲಿಲ್ಲ. ಅಳಲೂ ಇಲ್ಲ.

ಆಟ ಬಿಟ್ಟ ಮೇಲೆ ನನ್ನ ಮೆಟ್ಟಿಲು ಹತ್ತಿದ.
ಹನ್ನೊಂದೇ ಮೆಟ್ಟಿಲು. ಬಹಳ ಹೊತ್ತು ಹಿಡಿಯಿತು.
"ತಪ್ಪು ಮಾಡ್ಯಾನೆ. ಎಡಹೆಗಲಿಗೆ ಭಾರ ಬಿದ್ರೆ
ಬಲಗಾಲು ಮೊದಲು ಬರ್ತೈತಿ.
ಎಡಗಾಲಿಟ್ಟೋನು ಅಲ್ಲೇ ಸಾಯ್ತಾನೆ.
ಬರಿ ಅವಂಗೆ."

ಕಾರ್ಡು ಬರೆದೆ. ಉತ್ತರವಿಲ್ಲ.

ಮುಂದಿನ ಚಿತ್ರ, ಆರನೆಯ ರೀಲು, ಮದುವೆ ಮನೆ.
ಅಕ್ಕಿ ಮೂಟೆ ಹೊತ್ತು ಬಂದ. ನಿಂತ. ನೇರ ನಮ್ಮನ್ನೇ ನೋಡಿದ.
ಎಡಗಾಲು ಎತ್ತಿದ,
ಕೆಂಡ ತುಳಿದವನಂತೆ ಹಿಂದೆಳೆದ,
ಬಲಗಾಲಿಟ್ಟ.
ಜನ ಅದಕ್ಕೂ ನಕ್ಕರು.
ಕಂಬದ ಬಳಿಯಿಂದ "ಹಾಂ" ಎಂದು ಒಂದು ದನಿ,
ಅಂಡಿಗೆ ಹೆಗಲಿಗೆ ಸರಿಯಾಗಿ ಕೂತಾಗ ಹಮಾಲರು ಅನ್ನುವ ಹಾಗೆ.

ಎಂಬತ್ತು ಚಿತ್ರ ಅನ್ನುತ್ತಾರೆ; ನಾನು ಓಡಿಸಿದ್ದು ಮೂವತ್ತೊಂದು.
ನಾಯಕನ ಕಪಾಳಮೋಕ್ಷ, ಸೆಗಣಿ ಗುಂಡಿ, ಸೀರೆ ಉಟ್ಟ ವೇಷ.
ಗೆರೆ ಎಳೆದ ಮೇಲೆ ನಮ್ಮೂರು ಆ ಕಡೆ ಉಳಿಯಿತು,
ಕನ್ನಡ ಪೆಟ್ಟಿಗೆಗೆ ಭಾನುವಾರ ಬೆಳಗಿನ ಆಟವೊಂದೇ.
ಬಳ್ಳಾರಿಯಿಂದ ಬಸ್ಸಿನ ನೆತ್ತಿ ಮೇಲೆ ಬಂದು
ಮಧ್ಯಾಹ್ನದ ಬಸ್ಸಿಗೆ ಮರಳುತ್ತಿತ್ತು.
ಹುಟ್ಟಿದ ಊರಲ್ಲಿ ಅವನು
ಎರಡೂವರೆ ತಾಸಿನ ನೆಂಟ.

ಬಣ್ಣ ಬಂತು. ನಾಯಕರೇ ನಗಿಸತೊಡಗಿದರು.
ಗಾದಿಲಿಂಗಪ್ಪ ಸತ್ತಾಗ ಪಂಪಣ್ಣ ಶೂಟಿಂಗಿನಲ್ಲಿದ್ದ;
ತಂತಿ ಬಂದರೂ, ದೆವ್ವ ಕಂಡು ಓಡುವ ದೃಶ್ಯ ಮುಗಿಸಿ ಹೊರಟನಂತೆ.
ಆ ಚಿತ್ರ ನಮ್ಮೂರಿಗೆ ಬರಲಿಲ್ಲ. ಬಾರದ್ದೇ ಒಳ್ಳೆಯದಾಯಿತು.

ಕೊನೆಗೆ ಬಂದಾಗ ಬಲಭಾಗಕ್ಕೆ ಲಕ್ವ ಹೊಡೆದಿತ್ತು.
ಅಕ್ಕ ತಿಪ್ಪಮ್ಮ ತಂಬಿಗೆ ಹಿಡಿದು ಬಾಗಿಲಲ್ಲಿ
"ಬಲಗಾಲಿಟ್ಟು ಬಾರೋ" ಅಂದಳು.
ರೂಢಿಯ ಮಾತು. ಅಂದು ನಾಲಿಗೆ ಕಚ್ಚಿಕೊಂಡಳು.
ಅವನು ಎಡಗೈಯಿಂದ ಧೋತರದ ಸಮೇತ ಆ ಕಾಲನ್ನು ಎತ್ತಿ
ಹೊಸ್ತಿಲಾಚೆ ಇಳಿಸಿದ, ಅಂಡಿಗೆ ಇಳಿಸಿದ ಹಾಗೆ.
ಬೀದಿಯ ಹುಡುಗರು ಗೊಳ್ಳೆಂದರು.

ಅಲ್ಲೇ ನಿಂತ. ನೋವಿಗಲ್ಲ, ನನಗೆ ಗೊತ್ತು:
ನಗು ಇಳಿಯುವ ತನಕ ಕಾಯಬೇಕು,
ಇಲ್ಲದಿದ್ದರೆ ಮುಂದಿನ ಮಾತು ಅದರಲ್ಲಿ ಮುಳುಗುತ್ತದೆ.
ಹುಡುಗರು ಸುಮ್ಮನಾದರು.
ಸೊಟ್ಟ ಬಾಯಲ್ಲಿ ಕೇಳಿದ,
"ಉಗ್ಗಾಣಿ ಮಾಡೀಯೇನಕ್ಕ?"